ಜಿಪ್ಸಿ ಐಡ್ಲಿಂಗ್ ನಿಲ್ಸೋಕೆ ನಾಕು ವೀಕೆಂಡ್

ಸಕಲೇಶಪುರದ ಕಡೆ ಕಾಫಿ ತೋಟ ಇರೋ ಸ್ನೇಹಿತನೊಬ್ಬನ ಗಾಡಿ ಇದು. ಮಾರುತಿ ಜಿಪ್ಸಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಲ್ಲಿ ಪೆಟ್ರೋಲ್ ಹೊಡಿಯೋದು), 1298 ಸಿಸಿ, 16 ವಾಲ್ವ್, ಹೊಸದಾಗಿದ್ದಾಗ 80 ಹಾರ್ಸ್‌ಪವರ್. ಎರಡು ಮಳೆಗಾಲದ ಹಿಂದೆ ತೋಟದ ಹಳ್ಳ ದಾಟಿಸುವಾಗ ಒಳಗೆ ನೀರು ನುಗ್ಗಿ ಒರಿಜಿನಲ್ ಇಸಿಯು (ಪೆಟ್ರೋಲು, ಸ್ಪಾರ್ಕು ನೋಡ್ಕೊಳ್ಳೋ ಇಂಜಿನ್ ಕಂಪ್ಯೂಟರ್) ಸತ್ತೋಯ್ತು, ಜೊತೆಗೆ ಐಡಲ್ ವಾಲ್ವೂ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಓಡೋಕೆ ಬೇಕಾದ ಗಾಳಿ ಬಿಡೋದು) ಜಾಮ್ ಆಗಿ ಕೂತ್ಕೊಳ್ತು. ಗುಜರೀಲಿ ಸಿಗೋ ಹಳೇ ಇಸಿಯುಗೆ ಗ್ಯಾರಂಟಿ ಇಲ್ಲ, ಹೊಸದಕ್ಕೆ ಅವನು ದುಡ್ಡು ಬಿಚ್ಚೋನಲ್ಲ, ಆಗ ದೊಡ್ಡ ಮನುಷ್ಯನ ಥರ ನಾನೇ ಹೇಳಿದ್ದು, ಬಿಡೋ ಸ್ಪೀಡುಯಿನೋ ಹಾಕೋಣ ಅಂತ. ಗೊತ್ತಿಲ್ಲದವರಿಗೆ, ಇದು ಆರ್ಡುಯಿನೋ ಮೆಗಾ 2560 ಬೋರ್ಡ್ ಮೇಲೆ ಓಡೋ ಓಪನ್ ಸೋರ್ಸ್ ಇಸಿಯು, ಲ್ಯಾಪ್‌ಟಾಪಲ್ಲಿ ಟ್ಯೂನರ್‌ಸ್ಟುಡಿಯೋ ಹಾಕ್ಕೊಂಡು ಎಲ್ಲಾ ಟೇಬಲ್ಲನ್ನೂ ನಾವೇ ತುಂಬಬೇಕು.

ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗ, ಒಂದು ಖಾಲಿ, ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಗೊತ್ತಾಗೋಕೆ) ಕೂರಿಸಿದ್ವಿ, ಮ್ಯಾಪ್ ಸೆನ್ಸರ್ (ಇಂಟೇಕ್ ಮ್ಯಾನಿಫೋಲ್ಡ್ ಒಳಗಿನ ಗಾಳಿ ಪ್ರೆಷರ್ ಅಳೆಯೋದು) ಹಾಕಿದ್ವಿ, ಎಕ್ಸಾಸ್ಟಿಗೆ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸೋ ಆಕ್ಸಿಜನ್ ಸೆನ್ಸರ್), ಜಾಮ್ ಆಗಿದ್ದ ಐಡಲ್ ವಾಲ್ವ್ ಜಾಗಕ್ಕೆ ಗುಜರಿಯಿಂದ ತಂದ ಬಾಷ್ ಎರಡು ವೈರಿನ ವಾಲ್ವ್, ಅದಕ್ಕೊಂದು ಅಲ್ಯೂಮಿನಿಯಂ ಅಡಾಪ್ಟರ್ ಲೇತಲ್ಲಿ ಮಾಡಿಸಿದ್ವಿ. ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ವಿ (ಇದು ಆಮೇಲೆ ತಲೆನೋವಾಗುತ್ತೆ). ಗಾಡಿ ಸ್ಟಾರ್ಟ್ ಆಯ್ತು, ಓಡ್ತು, ಘಾಟಿಲಿ ಪಿಕಪ್ ಮೊದಲಿಗಿಂತ ಚೆನ್ನಾಗೇ ಇತ್ತು. ಐಡ್ಲಿಂಗ್ ಮಾತ್ರ ನಿಲ್ಲಲಿಲ್ಲ.

ತೊಂದರೆ ನಾಕು ಥರ ಇತ್ತು, ನಾವು ಮಾಡಿದ ಮೊದಲ ತಪ್ಪೇ ನಾಕನ್ನೂ ಒಂದೇ ಕಾಯಿಲೆ ಅಂದ್ಕೊಂಡಿದ್ದು. ಇಂಜಿನ್ ಬಿಸಿ ಆದ್ಮೇಲೆ ನಿಂತಲ್ಲೇ ಆರ್‌ಪಿಎಂ 700ಕ್ಕೆ ಇಳಿಯೋದು, 1300ಕ್ಕೆ ಏರೋದು, ಮತ್ತೆ ಇಳಿಯೋದು, ಎರಡು ಸೆಕೆಂಡಿಗೊಂದು ಸಲ, ಕಣದಲ್ಲಿ ಕಾಫಿ ಹರಡ್ತಿದ್ದವರೆಲ್ಲ ತಿರುಗಿ ನೋಡೋಷ್ಟು. "ಏನ್ ಮಾರಾಯ, ಗಾಡಿಗೆ ದಮ್ಮು ಬಂದಂಗಿದೆ" ಅಂದ ಸ್ನೇಹಿತ. ಎರಡನೇದು, ಫ್ಯಾನ್ ಆನ್ ಆದ ತಕ್ಷಣ ದಡ್ ಅಂತ ಕುಸಿಯೋದು, ಹೆಡ್‌ಲೈಟೂ ಹಾಕಿದ್ರೆ ಆಫ್ ಆಗೇ ಹೋಗೋದು. ಮೂರನೇದು ನಿಜವಾಗ್ಲೂ ಭಯದ್ದು, ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಲ್ಲಿ ಇಳ್ಕೊಂಡು ಬಂದು ತಿರುವಲ್ಲಿ ಕ್ಲಚ್ ತುಳಿದ್ರೆ ಇಂಜಿನ್ ಆಫ್. ನಾಕನೇದು ಯಾವಾಗ್ಲಾದ್ರೂ ಒಮ್ಮೆ, ಐಡಲ್ 1300ರಲ್ಲೇ ಅಂಟ್ಕೊಂಡು ಕೂರೋದು, ಒಂದ್ಸಲ ರೇಸ್ ಮಾಡಿ ಬಿಟ್ಟರೆ ಸರಿಹೋಗೋದು, ಕೆಲವು ಸಲ ಅದೂ ಇಲ್ಲ.

ಮೊದಲ ವೀಕೆಂಡ್ ಪೂರ್ತಿ ದಂಡ. ಐಡಲ್ ಏರಿಳಿತ ಅಂದ್ರೆ ಐಡಲ್ ವಾಲ್ವ್, ಐಡಲ್ ವಾಲ್ವ್ ಅಂದ್ರೆ ಪಿಐಡಿ (ಟಾರ್ಗೆಟ್ ಆರ್‌ಪಿಎಂಗೂ ಈಗಿನದಕ್ಕೂ ಇರೋ ವ್ಯತ್ಯಾಸ ನೋಡಿ ವಾಲ್ವ್ ತಿದ್ದೋ ಲೆಕ್ಕ; ಪಿ ಈಗಿನ ವ್ಯತ್ಯಾಸಕ್ಕೆ, ಐ ಕೂಡಿಬಂದ ವ್ಯತ್ಯಾಸಕ್ಕೆ, ಡಿ ಅದು ಬದಲಾಗೋ ವೇಗಕ್ಕೆ) ಅಂತ ತೀರ್ಮಾನ ಮಾಡ್ಕೊಂಡು ಶನಿವಾರ ಬೆಳಗ್ಗಿಂದ ಭಾನುವಾರ ಸಂಜೆವರೆಗೂ ಪಿ ಏರ್ಸು, ಐ ಇಳ್ಸು, ಡಿ ಸ್ವಲ್ಪ ಕೊಡು, ಮತ್ತೆ ಸೊನ್ನೆ ಮಾಡು, ಇದೇ ಕೆಲಸ. ಐ ಕಮ್ಮಿ ಮಾಡಿದ್ರೆ ಏರಿಳಿತ ನಿಧಾನ ಆಗ್ತಿತ್ತು, ಎರಡು ಸೆಕೆಂಡಿನ ಬದಲು ನಾಕು ಸೆಕೆಂಡು, ನಿಲ್ತಾ ಇರಲಿಲ್ಲ. ಬೇರೆಯವರ ಟ್ಯೂನ್ ಫೈಲಿಂದ ಪಿಐಡಿ ನಂಬರ್ ಎತ್ಕೊಂಡು ಹಾಕಿ ನೋಡಿದೆ, ಅದೂ ವೇಸ್ಟ್. ಆ ನಂಬರು ಅವರ ವಾಲ್ವ್, ಅವರ ಮ್ಯಾನಿಫೋಲ್ಡ್, ಅವರ ಫರ್ಮ್‌ವೇರಿಗೆ ಸೇರಿದ್ದು, ಇನ್ನೊಬ್ಬರ ಕನ್ನಡಕ ಹಾಕ್ಕೊಂಡಂಗೆ.

ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಲ್ಲಿ ಲಾಗ್ ಬಿಚ್ಚಿ ಕೂತೆ. ಒಂದು ವಿಷಯ ಕಣ್ಣಿಗೆ ಬಿತ್ತು. ಆರ್‌ಪಿಎಂ ಏರೋಕೆ ಶುರು ಆಗೋದು ಮೊದಲು, ವಾಲ್ವ್ ಡ್ಯೂಟಿ (ವಾಲ್ವಿಗೆ ಕರೆಂಟ್ ನೂರಕ್ಕೆ ಎಷ್ಟು ಹೊತ್ತು ಆನ್ ಅನ್ನೋದು) ಬದಲಾಗೋದು ಆಮೇಲೆ. ಅಂದ್ರೆ ವಾಲ್ವ್ ಓಡಿಸ್ತಾ ಇಲ್ಲ, ಹಿಂದೆ ಓಡ್ತಾ ಇದೆ. ಇದನ್ನ ಮೊದಲನೇ ದಿನವೇ ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದಿತ್ತು: ಕ್ಲೋಸ್ಡ್ ಲೂಪ್ (ಇಸಿಯು ಆರ್‌ಪಿಎಂ ನೋಡಿ ವಾಲ್ವನ್ನ ತಾನೇ ತಿದ್ದೋದು) ಆಫ್ ಮಾಡು, ವಾಲ್ವನ್ನ ಒಂದೇ ಡ್ಯೂಟಿಲಿ ಕಟ್ಟಿಹಾಕು, ಏರಿಳಿತ ನಿಲ್ಲುತ್ತಾ ನೋಡು. ಮುಂದಿನ ಶನಿವಾರ ಹೋಗಿ ಮಾಡಿದ ಮೊದಲ ಕೆಲಸ ಅದೇ, ಡ್ಯೂಟಿ 36ಕ್ಕೆ ಫಿಕ್ಸ್. ಏರಿಳಿತ ಹಾಗೇ ಇತ್ತು, ಒಂಚೂರೂ ಬದಲಾಗಲಿಲ್ಲ. ಎರಡು ದಿನ ಬೈಸ್ಕೊಂಡ ಪಿಐಡಿದು ಏನೂ ತಪ್ಪಿರಲಿಲ್ಲ.

ಹಾಗಾದ್ರೆ ಗಾಳಿ ಒಂದೇ ಸಮ ಇದ್ದರೂ ಇಂಜಿನ್ ಯಾಕೆ ಉಯ್ಯಾಲೆ ಆಡುತ್ತೆ? ಉಳಿದಿದ್ದು ಪೆಟ್ರೋಲು ಮತ್ತೆ ಸ್ಪಾರ್ಕು.

ಸ್ಪಾರ್ಕ್ ಮೊದಲು ನೋಡ್ದೆ, ಟೈಮಿಂಗ್ ಲೈಟ್ ಹಿಡಿದು. ಸ್ಪೀಡುಯಿನೋದಲ್ಲಿ ಟೈಮಿಂಗನ್ನ (ಪಿಸ್ಟನ್ ಮೇಲೆ ತಲುಪೋಕೆ ಎಷ್ಟು ಡಿಗ್ರಿ ಮೊದಲು ಸ್ಪಾರ್ಕ್ ಅನ್ನೋದು) ಒಂದು ಕೋನಕ್ಕೆ ಲಾಕ್ ಮಾಡೋ ಆಪ್ಷನ್ ಇದೆ, 10 ಡಿಗ್ರಿಗೆ ಲಾಕ್ ಮಾಡಿ ಪುಲ್ಲಿ ಮೇಲೆ ಲೈಟ್ ಬಿಟ್ಟರೆ ನಿಜವಾಗಿ ಬರ್ತಿದ್ದಿದ್ದು 5. ಟ್ರಿಗರ್ ಆಂಗಲ್ (ಹಲ್ಲಿನ ಚಕ್ರಕ್ಕೂ ಪಿಸ್ಟನ್ ಜಾಗಕ್ಕೂ ಇರೋ ಕೋನ) ನಾನು ಹಾಕುವಾಗಲೇ 5 ಡಿಗ್ರಿ ತಪ್ಪು ಹಾಕಿದ್ದೆ, ಓಡೋವಾಗ ಅಷ್ಟಾಗಿ ಗೊತ್ತಾಗಲ್ಲ, ಐಡಲಲ್ಲಿ ಗೊತ್ತಾಗುತ್ತೆ. ಸ್ಪಾರ್ಕ್ ತಡ ಆದ್ರೆ ಅದೇ ಆರ್‌ಪಿಎಂಗೆ ಜಾಸ್ತಿ ಗಾಳಿ ಬೇಕು, ಎಕ್ಸಾಸ್ಟ್ ಕಾಯುತ್ತೆ, ಇಂಜಿನ್ ಸೋಮಾರಿ ಆಗುತ್ತೆ. ಅದನ್ನ ಸರಿ ಮಾಡ್ದೆ. ಆದ್ರೆ ನಿಜವಾದ ಕಳ್ಳ ಟೇಬಲ್ ಒಳಗಿದ್ದ. ನಾನೇ ಕೂತು ತುಂಬಿದ ಸ್ಪಾರ್ಕ್ ಟೇಬಲಲ್ಲಿ 500 ಆರ್‌ಪಿಎಂಗೆ 6 ಡಿಗ್ರಿ, 800ಕ್ಕೆ 10, 1100ಕ್ಕೆ 17, 1400ಕ್ಕೆ 22. ನೋಡೋಕೆ ಚೆಂದ, ಮೆಟ್ಟಿಲು ಹತ್ತಿದಂಗೆ ಏರುತ್ತೆ. ಆದ್ರೆ ಐಡಲ್ ಜಾಗದಲ್ಲಿ ಇದು ಏನ್ ಮಾಡುತ್ತೆ ಅಂದ್ರೆ, ಆರ್‌ಪಿಎಂ ಒಂಚೂರು ಏರಿದ್ರೆ ಟೈಮಿಂಗ್ ಮುಂದಕ್ಕೆ ಹೋಗುತ್ತೆ, ಟೈಮಿಂಗ್ ಮುಂದೆ ಹೋದ್ರೆ ಟಾರ್ಕ್ ಜಾಸ್ತಿ, ಟಾರ್ಕ್ ಜಾಸ್ತಿ ಆದ್ರೆ ಆರ್‌ಪಿಎಂ ಇನ್ನೂ ಏರುತ್ತೆ, ಒಂದು ಹಂತಕ್ಕೆ ಹೋಗಿ ಮ್ಯಾನಿಫೋಲ್ಡಲ್ಲಿ ಗಾಳಿ ಸಾಲದೆ ಬಿದ್ದರೆ ಬೀಳುವಾಗ್ಲೂ ಅದೇ ಕಥೆ ಉಲ್ಟಾ, ಟೈಮಿಂಗ್ ಹಿಂದೆ ಹೋಗಿ ಇನ್ನೂ ಜೋರಾಗಿ ಬೀಳುತ್ತೆ. ಉಯ್ಯಾಲೆಗೆ ಪ್ರತಿ ಸಲ ಸರಿಯಾದ ಟೈಮಿಗೆ ನಾವೇ ತಳ್ಳಿದಂಗೆ.

600ರಿಂದ 1300ವರೆಗೆ ಎಲ್ಲಾ ಸೆಲ್ಲಿಗೂ ಒಂದೇ 13 ಡಿಗ್ರಿ ಹಾಕ್ದೆ. ಅಷ್ಟೇ ಮಾಡಿದ್ದು, ಆರ್‌ಪಿಎಂ ಓಡಾಟ 600ರಿಂದ 200ಕ್ಕೆ ಇಳೀತು. ಸ್ನೇಹಿತನಿಗೆ ನಾನು ದೇವರ ಥರ ಕಂಡೆ, ಈ ಟೇಬಲ್ ಬರೆದವನೂ ನಾನೇ ಅಂತ ಆಮೇಲೆ ಹೇಳಿದೆ.

ಅದಾದ್ಮೇಲೆ ಐಡಲ್ ಅಡ್ವಾನ್ಸ್ ಅನ್ನೋದನ್ನ ಆನ್ ಮಾಡ್ದೆ. ಅದು ಟಾರ್ಗೆಟಿಗಿಂತ ಆರ್‌ಪಿಎಂ ಎಷ್ಟು ಕಮ್ಮಿ ಎಷ್ಟು ಜಾಸ್ತಿ ಅಂತ ನೋಡಿ ಟೈಮಿಂಗ್ ಸೇರಿಸುತ್ತೆ, ಕಳೆಯುತ್ತೆ. 100 ಕಮ್ಮಿ ಇದ್ರೆ 4 ಡಿಗ್ರಿ ಕೂಡು, 200 ಕಮ್ಮಿ ಇದ್ರೆ 7, 100 ಜಾಸ್ತಿ ಆದ್ರೆ 3 ಕಳೆ, 200 ಜಾಸ್ತಿ ಆದ್ರೆ 6. 13ರಲ್ಲಿ ಇಟ್ಟಿದ್ದೇ ಇದಕ್ಕೆ, ಪೂರ್ತಿ ಟಾರ್ಕ್ ಸಿಗೋ ಟೈಮಿಂಗಲ್ಲೇ ಐಡಲ್ ಓಡಿಸಿದ್ರೆ ಬಿದ್ದಾಗ ಎತ್ತೋಕೆ ಮೇಲೆ ಏನೂ ಉಳಿದಿರಲ್ಲ. ಸ್ಪಾರ್ಕ್ ಯಾಕೆ ವಾಲ್ವಿಗಿಂತ ಒಳ್ಳೇ ಬ್ರೇಕು ಅಂದ್ರೆ ಸ್ಪೀಡು. 900 ಆರ್‌ಪಿಎಂಲಿ ನಾಕು ಸಿಲಿಂಡರ್ ಇಂಜಿನ್ ಸೆಕೆಂಡಿಗೆ 30 ಸಲ ಫೈರ್ ಆಗುತ್ತೆ, ಅಂದ್ರೆ 33 ಮಿಲಿಸೆಕೆಂಡಿಗೊಂದು, ಟೈಮಿಂಗ್ ಬದಲಾಯ್ಸಿದ್ರೆ ಮುಂದಿನ ಫೈರಿಗೇ ಕೆಲಸ ಆಯ್ತು. ವಾಲ್ವ್ ತೆರೆದ್ರೆ ಮೊದಲು ಅದರ ಒಳಗಿನ ತಟ್ಟೆ ತಿರುಗಬೇಕು, ಆಮೇಲೆ ಮ್ಯಾನಿಫೋಲ್ಡ್ ತುಂಬಬೇಕು, ಆಮೇಲೆ ಸಿಲಿಂಡರಿಗೆ ಹೋಗಿ ಸುಡಬೇಕು, ಅಷ್ಟೊತ್ತಿಗೆ ಹತ್ತಾರು ಫೈರ್ ಕಳೆದಿರುತ್ತೆ. ನಿಧಾನದ ಕೆಲಸ ವಾಲ್ವಿಗೆ, ಅವಸರದ ಕೆಲಸ ಸ್ಪಾರ್ಕಿಗೆ.

ಪೆಟ್ರೋಲಿನ ಕಡೆ ಬಂದ್ರೆ, ವಿಇ ಟೇಬಲಲ್ಲಿ (ಸಿಲಿಂಡರಲ್ಲಿ ನೂರಕ್ಕೆ ಎಷ್ಟು ಗಾಳಿ ತುಂಬುತ್ತೆ ಅಂತ ಬರೆದಿಡೋದು) ಐಡಲ್ ಸುತ್ತ ಇದ್ದ ಸೆಲ್ಲುಗಳು ಗುಡ್ಡ ಕಣಿವೆ ಇದ್ದಂಗಿದ್ವು. ಗಾಡಿ ಐಡಲಲ್ಲಿ 36 ಕೆಪಿಎ (ಮ್ಯಾನಿಫೋಲ್ಡ್ ಪ್ರೆಷರ್, ಕಿಲೋಪ್ಯಾಸ್ಕಲಲ್ಲಿ) ಹತ್ರ ಇರುತ್ತೆ, ಆದ್ರೆ ಆರ್‌ಪಿಎಂ ಬಿದ್ದಾಗ ಅದು ಅಲ್ಲೇ ನಿಂತಿರಲ್ಲ, ಎಳೆಯೋದು ಕಮ್ಮಿಯಾಗಿ ಮ್ಯಾನಿಫೋಲ್ಡ್ ಪ್ರೆಷರ್ ಏರುತ್ತೆ, 42, 45 ಅಂತ ಹೋಗಿ ಎಡಗಡೆ ಮೇಲಿನ ಸೆಲ್ಲಿಗೆ ಹೋಗುತ್ತೆ. ನಾವೆಲ್ಲ ಆಟೋಟ್ಯೂನ್ (ಟೇಬಲನ್ನ ಸಾಫ್ಟ್‌ವೇರೇ ತಿದ್ದೋದು) ಓಡಿಸಿ ಗಾಡಿ ಇದ್ದ ಒಂದು ಸೆಲ್ ಮಾತ್ರ ಸರಿ ಮಾಡಿರ್ತೀವಿ, ಬೀಳುವಾಗ ಹಾದುಹೋಗೋ ಸೆಲ್ ಲೀನ್ ಆಗಿರುತ್ತೆ, ಬೀಳೋ ಗಾಡಿಗೆ ಪೆಟ್ರೋಲೂ ಕಮ್ಮಿ ಕೊಟ್ಟಂಗಾಗುತ್ತೆ. ಅದಕ್ಕೆ ಟೇಬಲಿಗೆ 600, 800, 1000, 1200 ಅಂತ ಕಾಲಂ ಕೊಟ್ಟು, ಡ್ಯೂಟಿ ಬದಲಾಯ್ಸಿ ಬದಲಾಯ್ಸಿ, ಕೆಲವೊಂದು ಸಲ ನಾಕನೇ ಗೇರಲ್ಲಿ ಕ್ಲಚ್ ಸ್ವಲ್ಪವೇ ಬಿಟ್ಟು ಲೋಡ್ ಕೊಟ್ಟು, 30ರಿಂದ 50 ಕೆಪಿಎವರೆಗೆ ಎಲ್ಲಾ ಸೆಲ್ಲಿಗೂ ಗಾಡಿ ಕರ್ಕೊಂಡು ಹೋಗಿ ನೋಡ್ದೆ. ಬಿದ್ದಾಗ ಸಿಗೋ ಸೆಲ್ಲುಗಳನ್ನ ಬೇಕಂತಲೇ ಒಂಚೂರು ರಿಚ್ ಇಟ್ಟೆ. ಐಡಲ್ ಟಾರ್ಗೆಟ್ ಎಎಫ್‌ಆರ್ (ಪೆಟ್ರೋಲಿಗೆ ಎಷ್ಟು ಪಟ್ಟು ಗಾಳಿ ಅನ್ನೋದು) 13.8, 14.7ರಲ್ಲಿ ಈ ಇಂಜಿನ್ ಸ್ವಲ್ಪ ಕೊಸರಾಡ್ತಿತ್ತು. ವೈಡ್‌ಬ್ಯಾಂಡ್ ಕರೆಕ್ಷನ್ನು ಐಡಲಲ್ಲಿ ಆಫ್. ಐಡಲಲ್ಲಿ ಹೊಗೆ ಸೆನ್ಸರ್ ತಲುಪೋದೇ ನಿಧಾನ, ಇಸಿಯು ಹಳೇ ಸುದ್ದಿ ನೋಡ್ಕೊಂಡು ಇವತ್ತಿಗೆ ಪೆಟ್ರೋಲ್ ಅಳೆಯುತ್ತೆ, ಅದೂ ಒಂದು ಉಯ್ಯಾಲೆ.

ಬ್ರೇಕ್ ಬೂಸ್ಟರ್ ಹೋಸಲ್ಲಿ (ಮ್ಯಾನಿಫೋಲ್ಡಿಂದ ಬ್ರೇಕಿನ ಕಡೆ ಹೋಗೋ ಪೈಪ್) ಒಂದು ಸೀಳು ಸಿಕ್ಕಿತು, ಇಕ್ಕಳದಲ್ಲಿ ಪೈಪ್ ಹಿಸುಕಿದ ಕೂಡ್ಲೇ 150 ಆರ್‌ಪಿಎಂ ಇಳೀತು. ಇಲ್ಲೊಂದು ಮಾತು, ಗಾಳಿ ಲೀಕ್ ಆದ್ರೆ ಲೀನ್ ಆಗುತ್ತೆ ಅಂತ ಎಲ್ಲಾ ಮೆಕ್ಯಾನಿಕ್ಕೂ ಹೇಳ್ತಾರೆ, ಏರ್‌ಫ್ಲೋ ಮೀಟರ್ ಇರೋ ಗಾಡಿಲಿ ಅದು ನಿಜ. ಮ್ಯಾಪ್ ಸೆನ್ಸರ್ ಮೇಲೆ ಓಡೋ ಗಾಡಿಲಿ ಲೀಕಾದ ಗಾಳಿಯೂ ಪ್ರೆಷರಲ್ಲಿ ಲೆಕ್ಕಕ್ಕೆ ಬಂದ್ಬಿಡುತ್ತೆ, ಮಿಕ್ಸ್ಚರ್ ಅಷ್ಟಾಗಿ ಕೆಡಲ್ಲ (ಯಾವುದೋ ಒಂದೇ ಸಿಲಿಂಡರ್ ಬಾಯಲ್ಲಿ ಲೀಕ್ ಆಗಿದ್ರೆ ಬೇರೆ ಮಾತು). ಕೆಡೋದು ಏನಂದ್ರೆ, ವಾಲ್ವಿನ ಕೈಯಲ್ಲಿ ಇರಬೇಕಾದ ಗಾಳಿ ಹೋಸಿನ ಕೈಗೆ ಹೋಗುತ್ತೆ, ವಾಲ್ವ್ ಎಷ್ಟು ಮುಚ್ಚಿದ್ರೂ ಆರ್‌ಪಿಎಂ ಇಳಿಯಲ್ಲ. ಹೊಸ ಹೋಸ್, ಎರಡು ಜುಬಿಲಿ ಕ್ಲಿಪ್, ಮುಗೀತು. ಭಾನುವಾರ ಸಂಜೆ ವಾಲ್ವ್ 36ರಲ್ಲಿ ಫಿಕ್ಸ್ ಇಟ್ಟು, ಪಿಐಡಿ ಮುಟ್ಟದೆ, ಗಾಡಿ 880ರಿಂದ 920 ಒಳಗೆ ಗುಂಯ್ ಅಂತ ನಿಂತಿತ್ತು. ತೋಟದ ಡ್ರೈವರಣ್ಣ ಬಾನೆಟ್ ಮೇಲೆ ಟೀ ಲೋಟ ಇಟ್ಟು ನೋಡಿ ತಲೆ ಆಡ್ಸಿದ್ರು.

ಮೂರನೇ ವೀಕೆಂಡ್ ಫ್ಯಾನಿಂದು. ಫ್ಯಾನ್ ಆನ್ ಆದ್ರೆ ಆಲ್ಟರ್ನೇಟರ್ ಲೋಡ್ ಬಿದ್ದು ಇಂಜಿನ್ ಒಂಚೂರು ಬಗ್ಗೋದು ಸಹಜ, ಆದ್ರೆ ಇದು ಬಗ್ಗೋದಲ್ಲ, ಮುಗ್ಗರಿಸೋದು. ಲಾಗಲ್ಲಿ ನೋಡಿದ್ರೆ ಫ್ಯಾನ್ ಹತ್ತಿದ ಕ್ಷಣ ವೋಲ್ಟೇಜ್ 13.9ರಿಂದ 12.6ಕ್ಕೆ, ಅದರ ಹಿಂದೆನೇ ಎಎಫ್‌ಆರ್ 13.8ರಿಂದ 16ರ ಹತ್ರ. ಅಂದ್ರೆ ಲೋಡ್ ಬಿದ್ದ ಅದೇ ಹೊತ್ತಿಗೆ ಪೆಟ್ರೋಲೂ ಕಮ್ಮಿ ಆಗ್ತಾ ಇದೆ.

ಕಾರಣ ಇಂಜೆಕ್ಟರ್ ಡೆಡ್ ಟೈಮ್. ಇಂಜೆಕ್ಟರಿಗೆ ಕರೆಂಟ್ ಕೊಟ್ಟ ತಕ್ಷಣ ಅದು ತೆರೆಯಲ್ಲ, ಸುಮಾರು ಒಂದು ಮಿಲಿಸೆಕೆಂಡ್ ಸುಮ್ನೆ ಹೋಗುತ್ತೆ, ವೋಲ್ಟೇಜ್ ಕಮ್ಮಿ ಆದಷ್ಟೂ ಇನ್ನೂ ಜಾಸ್ತಿ ಹೋಗುತ್ತೆ. ಲೆಕ್ಕ ಹಾಕಿ ನೋಡಿ. ನಮ್ಮ ಇಂಜೆಕ್ಟರ್‌ಗಳನ್ನ ಅಳತೆ ಜಾಡಿಗೆ ಹಿಡಿದು ನೋಡಿದಾಗ ನಿಮಿಷಕ್ಕೆ ಸುಮಾರು 200 ಸಿಸಿ ಬರ್ತಿತ್ತು, ಆ ಲೆಕ್ಕದಲ್ಲಿ ಒಂದು ಸಿಲಿಂಡರ್ ಪೂರ್ತಿ ತುಂಬಿದ್ರೆ 10.8 ಮಿಲಿಸೆಕೆಂಡ್ ಪೆಟ್ರೋಲ್ ಬೇಕು. ಐಡಲಲ್ಲಿ 36 ಕೆಪಿಎ, ವಿಇ 47 ಅಂದ್ರೆ 1.8 ಮಿಲಿಸೆಕೆಂಡ್. ಅದನ್ನ ಒಂದು ಸೈಕಲಿಗೆ ಎರಡು ಸಲ ಹಂಚಿ ಹೊಡೀತಿದ್ವಿ, ಸಲಕ್ಕೆ 0.9. ಡೆಡ್ ಟೈಮ್ ಹತ್ರಹತ್ರ ಅಷ್ಟೇ. ಅಂದ್ರೆ ಇಂಜೆಕ್ಟರಿಗೆ ಕೊಡೋ ಪಲ್ಸಲ್ಲಿ ಅರ್ಧ ಕೆಲಸಕ್ಕೆ ಬಾರದ್ದು. ವೋಲ್ಟೇಜ್ ಬಿದ್ದು ಡೆಡ್ ಟೈಮ್ ಬರೀ 0.12 ಜಾಸ್ತಿ ಆದ್ರೂ, ಇಸಿಯುಗೆ ಅದು ಗೊತ್ತಿಲ್ಲದಿದ್ರೆ, 0.9ರಲ್ಲಿ 0.12 ಹೋಯ್ತು, ನೂರಕ್ಕೆ 13 ಪೆಟ್ರೋಲ್ ಕಟ್. 13.8 ಇದ್ದದ್ದು 15.9 ಆಗುತ್ತೆ, ಲಾಗಲ್ಲಿ ಕಂಡಿದ್ದೂ ಅದೇ. 4000 ಆರ್‌ಪಿಎಂಲಿ ಪಲ್ಸ್ ದೊಡ್ಡದಿರೋದ್ರಿಂದ ಇದು ಯಾರಿಗೂ ಕಾಣಲ್ಲ.

ನಮ್ಮ ವೋಲ್ಟೇಜ್ ಕರೆಕ್ಷನ್ ಟೇಬಲಲ್ಲಿ ಎಲ್ಲಾ ಕಡೆ 100 ಅಂತ ಇತ್ತು, ಅಂದ್ರೆ ತಿದ್ದುಪಡಿನೇ ಇಲ್ಲ. ಗಾಡಿ ಐಡಲಲ್ಲಿ ಬಿಟ್ಟು, ಹೆಡ್‌ಲೈಟ್, ಬ್ಲೋವರ್, ಫ್ಯಾನ್ ಒಂದೊಂದೇ ಹಾಕಿ, ಕೊನೆಗೆ ಆಲ್ಟರ್ನೇಟರ್ ಫೀಲ್ಡ್ ವೈರ್ ಬಿಚ್ಚಿ ಬ್ಯಾಟರಿ ಮೇಲೇ ಓಡಿಸಿ, ಪ್ರತಿ ವೋಲ್ಟೇಜಿಗೂ ಎಎಫ್‌ಆರ್ ಅಲ್ಲಾಡದ ಹಾಗೆ ಟೇಬಲ್ ತುಂಬಿದೆ. ಆಮೇಲೆ ಎರಡು ಸಲದ ಬದಲು ಸೈಕಲಿಗೆ ಒಂದೇ ಸಲ ಹೊಡಿಯೋ ಹಾಗೆ ಮಾಡ್ದೆ, ಪಲ್ಸ್ ದೊಡ್ಡದಾಯ್ತು, ಡೆಡ್ ಟೈಮ್ ಪಾಲು ಕಮ್ಮಿ ಆಯ್ತು. ಟರ್ಬೋ ಕನಸಲ್ಲಿ ಐಡಲಿಗೂ ಲಾಯಕ್ಕಿಲ್ಲದ ದೊಡ್ಡ ಇಂಜೆಕ್ಟರ್ ಹಾಕ್ಕೊಂಡು ಐಡ್ಲಿಂಗ್ ಬರಲ್ಲ ಅಂತ ಅಳೋರಿಗೆ ಈ ಲೆಕ್ಕ ಒಂದ್ಸಲ ಮಾಡಿ ನೋಡಿ ಅಂತ ಹೇಳ್ತೀನಿ, 440 ಸಿಸಿ ಹಾಕಿದ್ರೆ ಆ 0.9 ಅನ್ನೋದು 0.4 ಆಗುತ್ತೆ. ನಮ್ಮದ್ರಲ್ಲಿ ಈಗ ಫ್ಯಾನ್ ಹತ್ತಿದ್ರೆ 780ಕ್ಕೆ ಇಳಿದು ಸ್ಪಾರ್ಕ್ ಹಿಡ್ಕೊಂಡು 840ಕ್ಕೆ ಬಂದು ನಿಲ್ತಿತ್ತು, ಉಳಿದ 60 ತುಂಬೋಕೆ ಮಾತ್ರ ವಾಲ್ವ್ ಬೇಕಿತ್ತು.

ಆಮೇಲೆ ಆ ಅಂಟ್ಕೊಳ್ಳೋ 1300. ಇದು ನನಗೆ ಇಡೀ ಪ್ರಕರಣದಲ್ಲಿ ಇಷ್ಟವಾದ ಭಾಗ.

ಕ್ಲೋಸ್ಡ್ ಲೂಪ್ ಮತ್ತೆ ಆನ್ ಮಾಡೋ ಮೊದಲು, ವಾಲ್ವ್ ಹೇಗೆ ನಡ್ಕೊಳ್ಳುತ್ತೆ ನೋಡೋಣ ಅಂತ, ಫ್ರೀಕ್ವೆನ್ಸಿ 100 ಹರ್ಟ್ಜ್ ಇಟ್ಟು, ಡ್ಯೂಟಿ ಕೈಲೇ ಬದಲಾಯ್ಸಿ, ಐಡಲ್ ಅಡ್ವಾನ್ಸ್ ಆಫ್ ಮಾಡಿ ಆರ್‌ಪಿಎಂ ಬರ್ಕೊಂಡೆ. 60ಕ್ಕೆ 1600. 40ಕ್ಕೆ 1000. 30ಕ್ಕೆ 800. 25ಕ್ಕೆ 750. ಸರಿ, ಇನ್ನೂ ಇಳಿಯುತ್ತೆ ಅಂತ 15 ಕೊಟ್ಟರೆ, 1000. ಸೊನ್ನೆ ಕೊಟ್ಟರೆ 1300. ಮೊದಲು ವೈರಿಂಗ್ ತಪ್ಪು ಅಂದ್ಕೊಂಡೆ. ಅಲ್ಲ, ಎರಡು ವೈರಿನ ಈ ವಾಲ್ವ್ ಇರೋದೇ ಹಾಗೆ. ಕರೆಂಟ್ ಪೂರ್ತಿ ಹೋದ್ರೂ ಗಾಡಿ ಆಫ್ ಆಗದೆ ಮನೆ ಸೇರ್ಲಿ ಅಂತ ಒಳಗಿನ ಸ್ಪ್ರಿಂಗು ತಟ್ಟೆಯನ್ನ ಸ್ವಲ್ಪ ತೆರೆದ ಜಾಗದಲ್ಲಿ ನಿಲ್ಸುತ್ತೆ. ಡ್ಯೂಟಿ ಕೊಡ್ತಾ ಹೋದ್ರೆ ಮೊದಲು ಮುಚ್ಚಿಕೊಂಡು ಆಮೇಲೆ ಆ ಕಡೆಯಿಂದ ತೆರ್ಕೊಳ್ಳುತ್ತೆ. ಗಾಳಿಯ ಗೆರೆ ಇಂಗ್ಲಿಷ್ ವಿ ಅಕ್ಷರ ಇದ್ದಂಗೆ, ತಳ 25ರಲ್ಲಿ.

ಈಗ ಪಿಐಡಿ ಕಣ್ಣಿಂದ ನೋಡಿ. ಆರ್‌ಪಿಎಂ ಜಾಸ್ತಿ ಇದೆ, ಡ್ಯೂಟಿ ಇಳಿಸ್ತೀನಿ. 30, 27, 25, ಇಳೀತಾ ಇದೆ, ಒಳ್ಳೇದು. ಒಂದು ಹೆಜ್ಜೆ ಜಾಸ್ತಿ ಇಟ್ಟು 22ಕ್ಕೆ ಹೋದ್ರೆ ಆರ್‌ಪಿಎಂ ಏರಿತು. ಏರಿತಾ, ಹಾಗಾದ್ರೆ ಇನ್ನೂ ಇಳಿಸ್ತೀನಿ. 15. ಇನ್ನೂ ಏರಿತು. 5. ಸೊನ್ನೆ. ಅಲ್ಲಿ 1300ರಲ್ಲಿ ಕೂತ್ಕೊಂಡು, ನಾನು ಪೂರ್ತಿ ಮುಚ್ಚಿದ್ದೀನಿ ಇನ್ನೇನ್ ಮಾಡ್ಲಿ ಅನ್ನೋ ಹಾಗೆ. ರೇಸ್ ಮಾಡಿ ಬಿಟ್ಟಾಗ ಕೆಲವು ಸಲ ಸರಿಹೋಗ್ತಿದ್ದದ್ದು, ಆರ್‌ಪಿಎಂ ಕೆಳಗೆ ಜಾರಿದಾಗ ಅದು ಮತ್ತೆ ಡ್ಯೂಟಿ ಏರಿಸಿ ಆ ಕಣಿವೆ ದಾಟಿ ಬರ್ತಿದ್ದರಿಂದ. ಮದ್ದು ಒಂದು ಸಾಲಿನದು, ಮಿನಿಮಂ ವಾಲ್ವ್ ಡ್ಯೂಟಿ 28. ಮೂರು ವೈರಿನ ವಾಲ್ವಲ್ಲಿ ಎರಡು ಸುರುಳಿ ಎದುರುಬದುರು ಎಳೆಯೋದ್ರಿಂದ ಈ ವೇಷ ಇಲ್ಲ, ಆದ್ರೆ ಅದಕ್ಕೆ ಇಸಿಯುನಲ್ಲಿ ಎರಡು ಔಟ್‌ಪುಟ್ ಬೇಕು.

ಇಷ್ಟೆಲ್ಲ ಆದ್ಮೇಲೆ ಪಿಐಡಿ ಟ್ಯೂನ್ ಮಾಡೋಕೆ ಹಿಡಿದಿದ್ದು ಅರ್ಧ ಗಂಟೆ, ಸುಳ್ಳಲ್ಲ. ಓಪನ್ ಲೂಪ್ ಟೇಬಲ್ ಮತ್ತು ಕ್ಲೋಸ್ಡ್ ಲೂಪ್ ಎರಡೂ ಸೇರಿರೋ ಮೋಡ್ ಹಾಕ್ದೆ, ಅಂದ್ರೆ ಕೂಲಂಟ್ ಬಿಸಿ ನೋಡಿ ಟೇಬಲ್ ಒಂದು ಅಂದಾಜು ಡ್ಯೂಟಿ ಕೊಡುತ್ತೆ, 20 ಡಿಗ್ರಿಲಿ 55, 80 ಡಿಗ್ರಿಲಿ 36, ಪಿಐಡಿ ಅದರ ಮೇಲೆ ಅಷ್ಟಿಷ್ಟು ಕೂಡಿ ಕಳೆದು ಮಾಡುತ್ತೆ. ಆರ್‌ಪಿಎಂ ಟಾರ್ಗೆಟ್ ತಣ್ಣಗಿದ್ದಾಗ 1250, ಬಿಸಿಯಲ್ಲಿ 900. ಪಿ ಸಣ್ಣದು, ಐ ಇನ್ನೂ ಸಣ್ಣದು, ಡಿ ಸೊನ್ನೆ. ಡಿ ಮುಟ್ಟೋಕೆ ಹೋಗ್ಬೇಡಿ, ಐಡಲಲ್ಲಿ ಆರ್‌ಪಿಎಂ ಸಿಗ್ನಲ್ ಪ್ರತಿ ಫೈರಿಗೂ ನಡುಗುತ್ತೆ, ಡಿ ಆ ನಡುಕವನ್ನೇ ಹಿಡ್ಕೊಂಡು ಕುಣಿಯುತ್ತೆ.

ನಾಕನೇ ವೀಕೆಂಡಿಗೆ ಉಳಿದಿದ್ದು ಇಳಿಜಾರಿನ ಆಫ್. ಲ್ಯಾಪ್‌ಟಾಪ್ ಮಡಿಲಲ್ಲಿ ಇಟ್ಕೊಂಡು ತೋಟದ ಇಳಿಜಾರಲ್ಲಿ ಹತ್ತು ಸಲ ಇಳಿದ್ವಿ. ಇಲ್ಲಿ ಎರಡು ಕಾರಣ ಒಟ್ಟಿಗೆ ಸೇರ್ಕೊಂಡಿದ್ವು, ಅದಕ್ಕೆ ಒಂದನ್ನ ಸರಿ ಮಾಡಿದಾಗ ಅರ್ಧ ಮಾತ್ರ ಸರಿಹೋಗಿ ನಮ್ಮನ್ನ ಮಂಗ ಮಾಡ್ತಿತ್ತು. ಮೊದಲನೇದು, ಗೇರಲ್ಲಿ 2500 ಆರ್‌ಪಿಎಂಲಿ ಥ್ರಾಟಲ್ ಬಿಟ್ಟು ಇಳಿಯುವಾಗ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರ್) ಸೊನ್ನೆ, ಇಸಿಯು ಇದು ಐಡಲ್ ಅಂತ ತಿಳ್ಕೊಂಡು, ಅಯ್ಯೋ 900 ಇರಬೇಕಾದದ್ದು 2500 ಇದೆಯಲ್ಲ ಅಂತ ಐ ಲೆಕ್ಕವನ್ನ ಕೆಳಗೆ ಕೆಳಗೆ ತುಂಬ್ತಾ ಹೋಗುತ್ತೆ, ಅರ್ಧ ನಿಮಿಷ ಇಳಿದ್ರೆ ಅರ್ಧ ನಿಮಿಷದ ಸಾಲ. ಕ್ಲಚ್ ತುಳಿದಾಗ ಆರ್‌ಪಿಎಂ ಕಲ್ಲು ಬಿದ್ದಂಗೆ ಬೀಳುತ್ತೆ, ವಾಲ್ವ್ ಆ ಸಾಲ ತೀರಿಸಿ ತೆರೆಯೋದ್ರೊಳಗೆ ಇಂಜಿನ್ ಆಫ್. ಮಿನಿಮಂ 28 ಇದ್ದದ್ದು ಸ್ವಲ್ಪ ಕಾಪಾಡ್ತು, ಅದರ ಜೊತೆಗೆ ಟಾರ್ಗೆಟಿಗಿಂತ ಆರ್‌ಪಿಎಂ ತುಂಬ ಮೇಲಿದ್ದಾಗ ಐ ತುಂಬದ ಹಾಗೆ ಲಿಮಿಟ್ ಹಾಕ್ದೆ, ಆಗ ಇಳಿಯುವಾಗ ವಾಲ್ವ್ ಟೇಬಲಿನ ಅಂದಾಜಲ್ಲೇ ಕಾಯ್ತಾ ಇರುತ್ತೆ.

ಎರಡನೇದು ಫ್ಯುಯೆಲ್ ಕಟ್. ಇಳಿಜಾರಲ್ಲಿ ಪೆಟ್ರೋಲ್ ಉಳಿಸೋಕೆ ಇಂಜೆಕ್ಟರ್ ಪೂರ್ತಿ ನಿಲ್ಲಿಸೋದು, ನಾನು ಅದನ್ನ 1100ವರೆಗೂ ಎಳೆದಿದ್ದೆ, ಜಿಪುಣತನ. 1100ರಲ್ಲಿ ಪೆಟ್ರೋಲ್ ವಾಪಸ್ ಬಂದ್ರೂ ಇಂಟೇಕ್ ಗೋಡೆಗಳೆಲ್ಲ ಒಣಗಿರುತ್ತೆ, ಮೊದಲ ಕೆಲವು ಪಲ್ಸ್ ಗೋಡೆ ಒದ್ದೆ ಮಾಡೋಕೇ ಹೋಗುತ್ತೆ, ಅಷ್ಟೊತ್ತಿಗೆ ಆರ್‌ಪಿಎಂ 600. ಅದನ್ನ 1700ಕ್ಕೆ ಏರಿಸಿದೆ. ಮೈಲೇಜ್ ವ್ಯತ್ಯಾಸ ಏನಾದ್ರೂ ಇದ್ದರೆ ಸ್ನೇಹಿತನಿಗೆ ಹೇಳಿಲ್ಲ.

ಭಾನುವಾರ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದ್ವಿ, ಮೀನೂಟದ ನೆಪ, ನಿಜವಾದ ಕಾರಣ ಗಾಳಿ. ಸಕಲೇಶಪುರದ ಕಡೆ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಹೊರಗಿನ ಗಾಳಿ 90 ಕೆಪಿಎ ಹತ್ರ, ಮಂಗಳೂರಲ್ಲಿ 101. ಐಡಲಲ್ಲಿ ಮ್ಯಾನಿಫೋಲ್ಡ್ ಒಳಗೆ 36, ಹೊರಗಿನ ಅರ್ಧಕ್ಕಿಂತ ಕಮ್ಮಿ. ಹಾಗಿದ್ದಾಗ ವಾಲ್ವಿನ ಕಿಂಡಿಲಿ ಗಾಳಿ ಶಬ್ದದ ವೇಗಕ್ಕೆ ಹೋಗಿ ಚೋಕ್ ಆಗಿರುತ್ತೆ, ಒಳಗೆ ಎಷ್ಟೇ ಎಳೆದ್ರೂ ಅದೇ ಗಾಳಿ, ಹೊರಗಿನ ಪ್ರೆಷರ್ ಒಂದೇ ಲೆಕ್ಕಕ್ಕೆ ಬರೋದು. ಅಂದ್ರೆ ಅದೇ ಡ್ಯೂಟಿಗೆ, ಅದೇ ಥ್ರಾಟಲ್ ಸ್ಕ್ರೂಗೆ, ಮಂಗಳೂರಲ್ಲಿ ನೂರಕ್ಕೆ 12ರಷ್ಟು ಜಾಸ್ತಿ ಗಾಳಿ. ಪಣಂಬೂರು ಹತ್ರ ನಿಲ್ಸಿ ಕ್ಲೋಸ್ಡ್ ಲೂಪ್ ಆಫ್ ಮಾಡಿ ನೋಡಿದ್ರೆ 36 ಡ್ಯೂಟಿಗೆ 1040. ಆನ್ ಮಾಡಿದ್ರೆ 900, ಆದ್ರೆ ಡ್ಯೂಟಿ 29. ನಮ್ಮ ನೆಲ 28, ಇನ್ನೊಂದೇ ಹೆಜ್ಜೆ. ಅಲ್ಲೇ ರಸ್ತೆ ಬದಿಲಿ ಥ್ರಾಟಲ್ ಸ್ಟಾಪ್ ಸ್ಕ್ರೂ ಕಾಲು ಸುತ್ತು ಹಿಂದಕ್ಕೆ ಬಿಟ್ಟು, ವಾಲ್ವ್ 33ಕ್ಕೆ ಬರೋ ಹಾಗೆ ಮಾಡಿ, ಟಿಪಿಎಸ್ ಮತ್ತೆ ಕ್ಯಾಲಿಬ್ರೇಟ್ ಮಾಡ್ದೆ, ಸ್ಕ್ರೂ ತಿರುಗಿಸಿ ಟಿಪಿಎಸ್ ಮರೆತರೆ ಥ್ರಾಟಲ್ ಎಲ್ಲಿದೆ ಅನ್ನೋ ಇಸಿಯು ಲೆಕ್ಕವೇ ತಪ್ಪುತ್ತೆ.

ಬ್ಯಾರೋ ಪ್ರೆಷರ್ (ಹೊರಗಿನ ಗಾಳಿ ಪ್ರೆಷರ್) ಬಗ್ಗೆಯೂ ಒಂದು ಇದೆ, ನಮ್ಮ ಸೆಟಪಲ್ಲಿ ಪ್ರತ್ಯೇಕ ಬ್ಯಾರೋ ಸೆನ್ಸರ್ ಇಲ್ಲ, ಕೀ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ ಓದಿದ್ದೇ ಲೆಕ್ಕ. ಘಾಟಿ ಪೂರ್ತಿ ಆಫ್ ಮಾಡದೆ ಇಳಿದ್ರೆ ಇಸಿಯು ಮಂಗಳೂರಲ್ಲೂ ಸಕಲೇಶಪುರದಲ್ಲೇ ಇರುತ್ತೆ. ಊಟಕ್ಕೆ ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಎಎಫ್‌ಆರ್ ಒಂಚೂರು ಸರಿದದ್ದು ಲಾಗಲ್ಲಿ ಕಾಣುತ್ತೆ, ಐಡ್ಲಿಂಗಿಗೆ ತೊಂದರೆ ಆಗೋಷ್ಟಿಲ್ಲ.

ವಾಪಸ್ ಘಾಟಿ ಹತ್ತುವಾಗ ಲಾರಿಗಳ ಹಿಂದೆ ನಿಂತು ನಿಂತು ಬಂದ್ವಿ, ಫ್ಯಾನ್ ಹತ್ತುತ್ತೆ ಆರುತ್ತೆ, ಸೂಜಿ 900ರ ಹತ್ರಾನೇ. ಒಂದು ಬಾಕಿ ಇದೆ, ಡಿಸೆಂಬರ್ ಬೆಳಗ್ಗೆ ಸೆಲ್ಫ್ ಹೊಡೆದ ತಕ್ಷಣ ಎರಡು ಸೆಕೆಂಡ್ 1800ಕ್ಕೆ ಎಗರಿ ಆಮೇಲೆ ಇಳಿಯುತ್ತೆ, ಕ್ರ್ಯಾಂಕಿಂಗ್ ಡ್ಯೂಟಿ ಜಾಸ್ತಿ ಇದೆ, ಟೇಪರ್ ಟೈಮ್ (ಅಲ್ಲಿಂದ ಮಾಮೂಲಿ ಡ್ಯೂಟಿಗೆ ಇಳಿಯೋ ಹೊತ್ತು) ತಿದ್ದಬೇಕು. ತಿದ್ದೋಕೆ ಲ್ಯಾಪ್‌ಟಾಪ್ ತೆಗೆದ್ರೆ ಡ್ರೈವರಣ್ಣ ಬಿಡ್ತಿಲ್ಲ. "ಇರ್ಲಿ ಬಿಡಿ ಸಾರ್, ಎದ್ದಿದೆ ಅಂತ ಗೊತ್ತಾಗುತ್ತೆ."